ಕೋರ್ಟಿನ ಖಾಲಿ ಕುರ್ಚಿಗೆ ಸದನದಲ್ಲಿ ಉತ್ತರ ಕೊಡುವವರು ಯಾರು?

ಜಮೀನಿನ ದಾವೆಯೊಂದರ ತೀರ್ಪಿನ ನಕಲು ಪ್ರತಿಗಾಗಿ ನಾನು ಒಂದು ತಾಲ್ಲೂಕು ನ್ಯಾಯಾಲಯಕ್ಕೆ ಏಳು ಸಲ ಅಲೆದಿದ್ದೇನೆ. ನಕಲು ವಿಭಾಗದಲ್ಲಿ ಎರಡು ಮೇಜು ಇದ್ದವು. ಒಂದರ ಮೇಲೆ ದಾರ ಕಟ್ಟಿದ ಕಡತಗಳ ರಾಶಿ, ಅದರ ಹಿಂದಿನ ಕುರ್ಚಿ ಖಾಲಿ. ಇನ್ನೊಂದರಲ್ಲಿ ಹೊರಗುತ್ತಿಗೆ ಏಜೆನ್ಸಿಯ ಮೂಲಕ ಬಂದ ಹುಡುಗ. ಕೆಲಸ ಚುರುಕಾಗಿಯೇ ಮಾಡುತ್ತಿದ್ದ. ಮಾರ್ಚ್ 31ಕ್ಕೆ ಅವನ ಗುತ್ತಿಗೆ ಮುಗಿಯಿತು, ನವೀಕರಣದ ಆದೇಶ ಬರಲಿಲ್ಲ. ಏಪ್ರಿಲ್ ಇಡೀ ಆ ಕುರ್ಚಿಯೂ ಖಾಲಿ. ಮೇಲ್ಮನವಿಯ ಗಡುವು ಲೆಕ್ಕ ಹಾಕುತ್ತಾ ಬೆಂಚಿನ ಮೇಲೆ ಕೂತಿದ್ದ ಮುದುಕರೊಬ್ಬರು ಶಿರಸ್ತೇದಾರರನ್ನು ಕೇಳಿದರು: "ಇದನ್ನ ಯಾರಿಗೆ ಹೇಳ್ಬೇಕು ಸ್ವಾಮಿ, ನಮ್ಮ ಎಮ್ಮೆಲ್ಲೆಗಾ?" ಶಿರಸ್ತೇದಾರರು ತಲೆ ಎತ್ತದೆ ಹೇಳಿದರು: "ಎಮ್ಮೆಲ್ಲೆ ಏನ್ ಮಾಡ್ತಾರೆ ಯಜಮಾನ್ರೇ, ಇದು ಕೋರ್ಟು."

ಮುದುಕರ ಪ್ರಶ್ನೆ ಸಣ್ಣದಲ್ಲ. ನ್ಯಾಯಾಲಯದ ಗುಮಾಸ್ತ, ಶೀಘ್ರಲಿಪಿಗಾರ, ಆದೇಶ ಜಾರಿಕಾರ, ಸರ್ಕಾರಿ ಅಭಿಯೋಜಕ, ಜೈಲಿನ ವಾರ್ಡರ್, ವಿಧಿವಿಜ್ಞಾನ ಪ್ರಯೋಗಾಲಯದ ತಜ್ಞ, ಬಡವರ ಪರ ವಾದಿಸುವ ವಕೀಲ, ಇವರೆಲ್ಲರ ಸಂಬಳ ಹೋಗುವುದು ಜನರ ತೆರಿಗೆಯಿಂದ. ಆ ಹಣಕ್ಕೆ ಒಪ್ಪಿಗೆ ಕೊಡುವುದು ಶಾಸನಸಭೆ. ಹಾಗಾದರೆ ಆ ಹುದ್ದೆ ಖಾಲಿ ಬಿದ್ದಾಗ, ಗುತ್ತಿಗೆ ಹಾಳಾದಾಗ, ಸದನ ಯಾರನ್ನು ನಿಲ್ಲಿಸಿ ಕೇಳಬೇಕು? ಎಷ್ಟರ ಮಟ್ಟಿಗೆ ಕೇಳಬಹುದು? ಬೆಂಗಳೂರಿನಲ್ಲಿ ವಿಧಾನಸೌಧ ಮತ್ತು ಉಚ್ಚ ನ್ಯಾಯಾಲಯದ ಅಠಾರ ಕಚೇರಿ ಎದುರುಬದುರಾಗಿ ನಿಂತಿವೆ, ನಡುವೆ ಇರುವುದು ಒಂದು ರಸ್ತೆ. ಈ ಚರ್ಚೆಯೆಲ್ಲ ಆ ರಸ್ತೆಯನ್ನು ಯಾರು, ಯಾವಾಗ ದಾಟಬಹುದು ಎಂಬುದರ ಬಗ್ಗೆ.

ಲೆಕ್ಕ ಕೇಳುವ ಹಕ್ಕು ಬಂದ ದಾರಿ

ಮೈಸೂರು ಸಂಸ್ಥಾನದಲ್ಲಿ 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲಕ್ಕೆ ಪ್ರಜಾಪ್ರತಿನಿಧಿ ಸಭೆ ಸೇರಿದಾಗ ಸದಸ್ಯರಿಗೆ ಇದ್ದದ್ದು ಅಹವಾಲು ಹೇಳಿಕೊಳ್ಳುವ ಅವಕಾಶ ಮಾತ್ರ. ಆಗ ಅಮಲ್ದಾರರೇ ಕಂದಾಯವನ್ನೂ ವಸೂಲಿ ಮಾಡುತ್ತಿದ್ದರು, ಮ್ಯಾಜಿಸ್ಟ್ರೇಟರಾಗಿ ಮೊಕದ್ದಮೆಯನ್ನೂ ನಡೆಸುತ್ತಿದ್ದರು. ನ್ಯಾಯ ಕೊಡುವ ಕೈಯೂ ಕಂದಾಯ ಎತ್ತುವ ಕೈಯೂ ಒಂದೇ ಆಗಿದ್ದ ಆ ಕಾಲದ ನೆನಪನ್ನು ಬಿಟ್ಟರೆ, ನಮ್ಮ ಸಂವಿಧಾನ ನ್ಯಾಯಾಲಯದ ಸುತ್ತ ಬೇಲಿ ಯಾಕೆ ಕಟ್ಟಿತು ಎಂಬುದು ಅರ್ಥವಾಗುವುದಿಲ್ಲ. 50ನೇ ವಿಧಿ ಎರಡನ್ನೂ ಬೇರೆ ಮಾಡು ಎಂದಿತು. 1974ರಲ್ಲಿ ಜಾರಿಗೆ ಬಂದ ದಂಡ ಪ್ರಕ್ರಿಯಾ ಸಂಹಿತೆ ಅದನ್ನು ದೇಶದ ಉದ್ದಕ್ಕೂ ಗಟ್ಟಿ ಮಾಡಿತು.

ಲೆಕ್ಕ ಕೇಳುವ ಹತಾರಗಳು ಬೇರೆ ದಾರಿಯಿಂದ ಬಂದವು. ಬ್ರಿಟಿಷ್ ಸಂಸತ್ತು 1861ರಲ್ಲಿ ಸಾರ್ವಜನಿಕ ಲೆಕ್ಕಪತ್ರ ಸಮಿತಿಯನ್ನು ರಚಿಸಿತು. ಭಾರತದಲ್ಲಿ ಅದರ ಮಾದರಿ 1921ರಲ್ಲಿ ಬಂತು. 1967ರಿಂದ ಲೋಕಸಭೆಯಲ್ಲಿ ಅದರ ಅಧ್ಯಕ್ಷ ಸ್ಥಾನ ವಿರೋಧ ಪಕ್ಷಕ್ಕೆ ಹೋಗುವ ರೂಢಿ ನಿಂತಿತು. 1993ರಲ್ಲಿ ಇಲಾಖಾವಾರು ಸ್ಥಾಯಿ ಸಮಿತಿಗಳು ಹುಟ್ಟಿದವು. ಇವುಗಳ ಜೊತೆಗೆ ಚುಕ್ಕೆ ಗುರುತಿನ ಪ್ರಶ್ನೆ, ಗಮನ ಸೆಳೆಯುವ ಸೂಚನೆ, ಮಂತ್ರಿ ಕೊಟ್ಟ ಮಾತನ್ನು ಬೆನ್ನಟ್ಟುವ ಸರ್ಕಾರಿ ಭರವಸೆಗಳ ಸಮಿತಿ. ಹತಾರಕ್ಕೆ ಕೊರತೆಯಿಲ್ಲ.

ಒಂದೇ ಒಂದು ಸಲ ಈ ಹತಾರ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಕಂಡಿದ್ದೇವೆ. 1987ರಲ್ಲಿ ಕಾನೂನು ಆಯೋಗ ತನ್ನ 120ನೇ ವರದಿಯಲ್ಲಿ, ಹತ್ತು ಲಕ್ಷ ಜನರಿಗೆ 10.5ರಷ್ಟಿರುವ ನ್ಯಾಯಾಧೀಶರ ಸಂಖ್ಯೆಯನ್ನು 50ಕ್ಕೆ ಏರಿಸಬೇಕು ಎಂದಿತು. ಹದಿನೈದು ವರ್ಷ ಅದು ಕಪಾಟಿನಲ್ಲಿತ್ತು. 2002ರ ಫೆಬ್ರವರಿಯಲ್ಲಿ ಪ್ರಣಬ್ ಮುಖರ್ಜಿ ನೇತೃತ್ವದ ಸಂಸದೀಯ ಸ್ಥಾಯಿ ಸಮಿತಿ ಅದನ್ನು ಕೈಗೆತ್ತಿಕೊಂಡು ಶಿಫಾರಸು ಮಾಡಿತು. ಮರು ತಿಂಗಳೇ ಸುಪ್ರೀಂ ಕೋರ್ಟ್ ಅಖಿಲ ಭಾರತ ನ್ಯಾಯಾಧೀಶರ ಸಂಘದ ಪ್ರಕರಣದಲ್ಲಿ ಆ ಸಮಿತಿಯ ವರದಿಯನ್ನೇ ಆಧಾರವಾಗಿಟ್ಟುಕೊಂಡು, ಐದು ವರ್ಷದೊಳಗೆ 50ಕ್ಕೆ ಮುಟ್ಟಿಸಿ ಎಂದು ಆದೇಶಿಸಿತು. ಶಾಸಕರ ಸಮಿತಿ ಮತ್ತು ನ್ಯಾಯಾಲಯ ಒಂದೇ ದಿಕ್ಕಿಗೆ ತಳ್ಳಿದ ಅಪರೂಪದ ಗಳಿಗೆ ಅದು. ಆದರೂ ಇವತ್ತಿನ ಸಂಖ್ಯೆ ಸುಮಾರು 21. ಅದೂ ಮಂಜೂರಾದ ಹುದ್ದೆಗಳನ್ನು 2011ರ ಜನಗಣತಿಯಿಂದ ಭಾಗಿಸಿ ಬಂದದ್ದು. ಕೂತಿರುವ ನ್ಯಾಯಾಧೀಶರನ್ನು ಇವತ್ತಿನ ಜನಸಂಖ್ಯೆಯಿಂದ ಭಾಗಿಸಿದರೆ ಇನ್ನೂ ಕೆಳಗಿಳಿಯುತ್ತದೆ. 2016ರ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿಗಳು, ಮುಖ್ಯ ನ್ಯಾಯಮೂರ್ತಿಗಳು ಸೇರಿದ್ದ ಸಭೆಯಲ್ಲಿ ಮುಖ್ಯ ನ್ಯಾಯಮೂರ್ತಿ ಟಿ.ಎಸ್. ಠಾಕೂರ್ ಪ್ರಧಾನಿಯ ಎದುರೇ ಗದ್ಗದಿತರಾದದ್ದು ಇದೇ 1987ರ ವರದಿಯನ್ನು ನೆನೆದು.

ಬೇಲಿಯ ವಾದ

ಈ ಚರ್ಚೆಯಲ್ಲಿ ನಾಲ್ಕು ಪಕ್ಷಗಳಿವೆ. ಮೊದಲ ಪಕ್ಷದವರು ನ್ಯಾಯಾಂಗದ ಸ್ವಾತಂತ್ರ್ಯವನ್ನು ಹಿಡಿದು ಮಾತಾಡುವವರು. ಇವರ ಕೈಯಲ್ಲಿ ಸಂವಿಧಾನದ ಪುಟಗಳೇ ಇವೆ. 235ನೇ ವಿಧಿ ಅಧೀನ ನ್ಯಾಯಾಲಯಗಳ ನಿಯಂತ್ರಣವನ್ನು ಉಚ್ಚ ನ್ಯಾಯಾಲಯಕ್ಕೆ ಕೊಟ್ಟಿದೆ. 229ನೇ ವಿಧಿಯ ಪ್ರಕಾರ ಉಚ್ಚ ನ್ಯಾಯಾಲಯದ ಸಿಬ್ಬಂದಿ ನೇಮಕ ಮುಖ್ಯ ನ್ಯಾಯಮೂರ್ತಿಯದು. ಅಲ್ಲಿನ ಆಡಳಿತ ವೆಚ್ಚ ರಾಜ್ಯದ ಸಂಚಿತ ನಿಧಿಯ ಮೇಲೆ ನೇರವಾಗಿ ಹೊರೆಯಾಗುತ್ತದೆ, ಅಂದರೆ ಸದನ ಅದನ್ನು ಮತಕ್ಕೆ ಹಾಕುವಂತಿಲ್ಲ. 211ನೇ ವಿಧಿ ನ್ಯಾಯಮೂರ್ತಿಗಳ ಕರ್ತವ್ಯದ ನಡವಳಿಕೆಯನ್ನು ವಿಧಾನಮಂಡಲದಲ್ಲಿ ಚರ್ಚಿಸಬೇಡಿ ಎನ್ನುತ್ತದೆ. ಶಾಸಕನೊಬ್ಬ ತನ್ನ ಕ್ಷೇತ್ರದ ಕೋರ್ಟಿನ ಗುಮಾಸ್ತನ ನೇಮಕದಲ್ಲಿ ಕೈಯಾಡಿಸಿದರೆ ನಾಳೆ ತನ್ನ ಮೇಲಿನ ಮೊಕದ್ದಮೆಯ ಕಡತದಲ್ಲೂ ಕೈಯಾಡಿಸಬಹುದು ಎಂಬ ಭಯಕ್ಕೆ ಆಧಾರವಿದೆ. ನಾನು ಈ ಭಯವನ್ನು ಹಗುರವಾಗಿ ಕಾಣಲಾರೆ.

ಆದರೆ ಅದೇ ಸಂವಿಧಾನದಲ್ಲಿ ಶಾಸಕರು ಅಷ್ಟಾಗಿ ಬಳಸದ ಒಂದು ಸಾಲಿದೆ. ಮತಕ್ಕೆ ಹಾಕಲಾಗದ ವೆಚ್ಚವನ್ನೂ ಸದನ ಚರ್ಚಿಸಬಹುದು ಎಂದು 203ನೇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ನ್ಯಾಯಮೂರ್ತಿಯ ನಡವಳಿಕೆ ಬೇರೆ, ಬೆರಳಚ್ಚುಗಾರರ ಹುದ್ದೆ ಭರ್ತಿಯಾಗದಿರುವುದು ಬೇರೆ. ಜಿಲ್ಲೆ, ತಾಲ್ಲೂಕು ನ್ಯಾಯಾಲಯಗಳ ವೆಚ್ಚವಂತೂ ಮತಕ್ಕೆ ಬರುವಂಥದ್ದೇ.

ತೊಡಕು ಇರುವುದು ಕೆಲಸ ಹಂಚಿಹೋಗಿರುವ ಬಗೆಯಲ್ಲಿ. ಹೊಸ ಹುದ್ದೆ ಸೃಷ್ಟಿಗೆ ಸರ್ಕಾರದ, ಅದರಲ್ಲೂ ಹಣಕಾಸು ಇಲಾಖೆಯ ಒಪ್ಪಿಗೆ ಬೇಕು. ಸಿವಿಲ್ ನ್ಯಾಯಾಧೀಶರ ಆಯ್ಕೆ ಉಚ್ಚ ನ್ಯಾಯಾಲಯದ್ದು. ಜಿಲ್ಲಾ ನ್ಯಾಯಾಲಯದ ಗುಮಾಸ್ತರ ನೇಮಕಾತಿ ಜಿಲ್ಲಾ ನ್ಯಾಯಾಧೀಶರ ನೇತೃತ್ವದಲ್ಲಿ ನಡೆಯುತ್ತದೆ. ಸದನದಲ್ಲಿ ಪ್ರಶ್ನೆ ಬಂದಾಗ ಕಾನೂನು ಸಚಿವರು "ನೇಮಕಾತಿ ಉಚ್ಚ ನ್ಯಾಯಾಲಯದ ವ್ಯಾಪ್ತಿಗೆ ಬರುತ್ತದೆ" ಎಂದು ಓದುತ್ತಾರೆ. ಅದು ಸುಳ್ಳಲ್ಲ. ನ್ಯಾಯಾಲಯದ ಕಡೆಯಿಂದ "ಪ್ರಸ್ತಾವನೆ ಸರ್ಕಾರದ ಮುಂದಿದೆ" ಎಂಬ ಉತ್ತರ. ಅದೂ ಸುಳ್ಳಲ್ಲ. ಎರಡು ಸರಿಯಾದ ಉತ್ತರಗಳ ನಡುವೆ ಆ ಮುದುಕರ ನಕಲು ಪ್ರತಿ ಸಿಕ್ಕಿಕೊಂಡಿದೆ.

ಬೇಲಿಯೇ ಇಲ್ಲದ ಕಡೆ

ಬೇಲಿಯ ವಾದವನ್ನು ಪರೀಕ್ಷಿಸಲು ಒಂದು ಸುಲಭ ದಾರಿಯಿದೆ. ನ್ಯಾಯ ಸೇವೆಯ ದೊಡ್ಡ ಭಾಗ ಬೇಲಿಯ ಹೊರಗೇ ಇದೆ. ಅಭಿಯೋಜನೆ, ಕಾರಾಗೃಹ, ವಿಧಿವಿಜ್ಞಾನ ಪ್ರಯೋಗಾಲಯ, ಇವೆಲ್ಲ ರಾಜ್ಯ ಸರ್ಕಾರದವು. ಕರ್ನಾಟಕದಲ್ಲಿ ಇವು ಗೃಹ ಇಲಾಖೆಯಡಿ ಬರುತ್ತವೆ. ಇಲ್ಲಿ ಗೃಹ ಸಚಿವರು ಯಾವ ನ್ಯಾಯಾಲಯದ ಹೆಸರನ್ನೂ ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಹಾಗಿದ್ದೂ ಸದನದ ಪ್ರಶ್ನೆ ಇಲ್ಲಿ ಹರಿತವಾಗಿಲ್ಲ. "ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು, ಖಾಲಿ ಎಷ್ಟು" ಎಂದು ಕೇಳುತ್ತಾರೆ, ಅನುಬಂಧದಲ್ಲಿ ಒಂದು ಕೋಷ್ಟಕ ಬರುತ್ತದೆ, ಮುಂದಿನ ಅಧಿವೇಶನದಲ್ಲಿ ಮತ್ತೆ ಅದೇ ಪ್ರಶ್ನೆ. ಖಾಲಿ ಹುದ್ದೆಯ ಕೆಲಸವನ್ನು ಈಗ ಯಾರು ಮಾಡುತ್ತಿದ್ದಾರೆ, ಯಾವ ಆದೇಶದ ಮೇಲೆ, ಯಾವ ಸಂಬಳಕ್ಕೆ, ಯಾವ ತಾರೀಖಿನವರೆಗೆ ಎಂದು ಕೇಳುವವರು ಕಡಿಮೆ. ಕೋಷ್ಟಕದಲ್ಲಿ ಹೊರಗುತ್ತಿಗೆಗೆ ಕಲಂ ಇಲ್ಲದಿದ್ದರೆ ಆ ಮನುಷ್ಯ ಸದನದ ಕಣ್ಣಿಗೆ ಇಲ್ಲವೇ ಇಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಈ ಪ್ರಶ್ನೆಯನ್ನು ಇನ್ನಷ್ಟು ತುರ್ತಾಗಿಸಿದೆ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕು, ರಾಜ್ಯಗಳು ಐದು ವರ್ಷದೊಳಗೆ ಅದಕ್ಕೆ ತಯಾರಾಗಬೇಕು ಎನ್ನುತ್ತದೆ ಅದರ 176ನೇ ಕಲಂ. ಕಾನೂನನ್ನು ಸಂಸತ್ತು ಮಾಡಿತು. ಜನರನ್ನು ಹುಡುಕಿ, ಕಲಿಸಿ, ಸಂಬಳ ಕೊಡಬೇಕಾದದ್ದು ರಾಜ್ಯ.

ತಾತ್ಕಾಲಿಕವೇ ರೂಢಿಯಾದಾಗ

ನಮ್ಮಲ್ಲಿ ಗುತ್ತಿಗೆ ಎಂಬುದು ಯಾರೋ ಕೂತು ಯೋಚಿಸಿ ತಂದ ನೀತಿಯಲ್ಲ. ಯೋಜನೆಯ ಹಣ ಬಂದಾಗ ಬಂದು, ಹಣ ನಿಂತಾಗಲೂ ನಿಲ್ಲದೆ ಉಳಿದುಕೊಂಡದ್ದು.

ತ್ವರಿತ ನ್ಯಾಯಾಲಯಗಳನ್ನೇ ನೋಡಿ. 11ನೇ ಹಣಕಾಸು ಆಯೋಗ 502.90 ಕೋಟಿ ರೂಪಾಯಿಯಲ್ಲಿ 1,734 ತ್ವರಿತ ನ್ಯಾಯಾಲಯಗಳಿಗೆ ಶಿಫಾರಸು ಮಾಡಿತು. ಐದು ವರ್ಷದ ಯೋಜನೆ. ನಿವೃತ್ತ ನ್ಯಾಯಾಧೀಶರು, ತಾತ್ಕಾಲಿಕ ಬಡ್ತಿ ಪಡೆದವರು, ವಕೀಲಿಯಿಂದ ನೇರ ಬಂದವರು ಅಲ್ಲಿ ಕೂತು ಕೊಲೆ ಮೊಕದ್ದಮೆಗಳನ್ನೂ ನಡೆಸಿದರು. ಅವಧಿ ವಿಸ್ತರಣೆಯಾಗಿ 2011ರ ಮಾರ್ಚ್ 31ಕ್ಕೆ ಕೇಂದ್ರದ ಹಣ ನಿಂತಿತು. ಹತ್ತು ವರ್ಷ ತೀರ್ಪು ಬರೆದವರು ತಮ್ಮ ಕೆಲಸದ ಗತಿ ಏನು ಎಂದು ಕೇಳಲು ತಾವೇ ಕಕ್ಷಿದಾರರಾಗಿ ನಿಂತರು. ಅವರ ಅಹವಾಲುಗಳಿದ್ದ ಬ್ರಿಜ್ ಮೋಹನ್ ಲಾಲ್ ಪ್ರಕರಣ 2012ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಯಿತು. ಮುಂದೆ 14ನೇ ಹಣಕಾಸು ಆಯೋಗ 1,800 ತ್ವರಿತ ನ್ಯಾಯಾಲಯಗಳಿಗೆ ಒಲವು ತೋರಿತು, ಆದರೆ ಹಣ ರಾಜ್ಯಗಳ ತೆರಿಗೆ ಪಾಲಿನಲ್ಲಿ ಕರಗಿತ್ತು. ಪ್ರತ್ಯೇಕವಾಗಿ ಲೆಕ್ಕ ಕೇಳಲು ಸದನಗಳಿಗೆ ಹಿಡಿಯೇ ಸಿಗಲಿಲ್ಲ.

13ನೇ ಹಣಕಾಸು ಆಯೋಗದ ಕತೆ ಇನ್ನೂ ಪಾಠ ಹೇಳುವಂಥದ್ದು. 2010ರಿಂದ 2015ರ ಅವಧಿಗೆ ನ್ಯಾಯದಾನದ ಸುಧಾರಣೆಗೆಂದು 5,000 ಕೋಟಿ ರೂಪಾಯಿ. ಅದರಲ್ಲಿ 300 ಕೋಟಿ ಕೋರ್ಟ್ ಮ್ಯಾನೇಜರ್‌ಗಳಿಗೆ. ನ್ಯಾಯಾಧೀಶರು ಕಟ್ಟಡದ ಸೋರಿಕೆ, ಕಂಪ್ಯೂಟರ್ ರಿಪೇರಿ, ಸಿಬ್ಬಂದಿ ಹಾಜರಿ ನೋಡುವುದನ್ನು ಬಿಟ್ಟು ಮೊಕದ್ದಮೆ ನಡೆಸಲಿ, ಆಡಳಿತವನ್ನು ಎಂಬಿಎ ಓದಿದವರು ನೋಡಿಕೊಳ್ಳಲಿ ಎಂಬುದು ಆಶಯ. ನಿರ್ವಹಣೆಯ ಪಕ್ಷ ಎಂದು ನಾನು ಕರೆಯುವ ಎರಡನೆಯ ಗುಂಪಿಗೆ ಇದು ಕನಸಿನ ಯೋಜನೆಯಾಗಿತ್ತು. ಆದರೆ ಇಡೀ 5,000 ಕೋಟಿಯಲ್ಲಿ ಅರ್ಧವೂ ಬಿಡುಗಡೆಯಾಗಲಿಲ್ಲ. ಮ್ಯಾನೇಜರ್‌ಗಳು ಗುತ್ತಿಗೆಯ ಮೇಲೆ ಬಂದರು, ಅನುದಾನ ಮುಗಿದಾಗ ಹಲವೆಡೆ ಮನೆಗೆ ಹೋದರು. 2018ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಖಾಯಂ ಮಾಡಿ ಎಂದಿತು. 2025ರ ಮೇ ತಿಂಗಳಲ್ಲಿ ಮತ್ತೆ ನಿಯಮ ರಚಿಸಿ ಎಂದು ಉಚ್ಚ ನ್ಯಾಯಾಲಯಗಳಿಗೆ ಹೇಳಬೇಕಾಯಿತು. ಹಣ ಕೊಟ್ಟದ್ದು ಯಾಕೆ ಖರ್ಚಾಗಲಿಲ್ಲ ಎಂಬ ಪ್ರಶ್ನೆಯನ್ನು ನಿಜವಾಗಿ ಕೇಳಬೇಕಾದವರು ಮೂರನೆಯ ಪಕ್ಷದವರು, ಖಜಾನೆಯ ದಾರಿ ಹಿಡಿದು ನಡೆಯುವವರು. ಮಹಾಲೇಖಪಾಲರ ವರದಿ, ಲೆಕ್ಕಪತ್ರ ಸಮಿತಿಯ ವಿಚಾರಣೆ ಇವರ ಬಲ. ಖರ್ಚಾಗದೆ ಮರಳಿದ ಹಣ ನ್ಯಾಯಾಂಗದ ಸ್ವಾತಂತ್ರ್ಯದ ವಿಷಯವಲ್ಲ, ಅದು ಲೆಕ್ಕದ ವಿಷಯ ಎಂಬ ಇವರ ಮಾತು ನನಗೆ ಸರಿಯೆನಿಸುತ್ತದೆ. ಇವರ ಸೋಲು ಎಲ್ಲಿ ಎಂದರೆ, ಸಮಿತಿಯ ಮುಂದೆ ಕಡತ ಬರುವ ಹೊತ್ತಿಗೆ ಆ ಅಧಿಕಾರಿ ನಿವೃತ್ತರಾಗಿರುತ್ತಾರೆ, ಆ ಗುತ್ತಿಗೆ ಮುಗಿದಿರುತ್ತದೆ.

ನಾಲ್ಕನೆಯವರು ದುಡಿಯುವವನ ಕಡೆಯಿಂದ ನೋಡುವವರು. ಈ ವಾದದ ಮುಖ್ಯ ರಣರಂಗ ಕರ್ನಾಟಕವೇ. ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ದಿನಗೂಲಿ ನೌಕರರ ಪ್ರಕರಣದಲ್ಲಿ 1990ರಲ್ಲಿ ಸುಪ್ರೀಂ ಕೋರ್ಟ್ ಹಂತಹಂತವಾಗಿ ಖಾಯಂ ಮಾಡುವ ದಾರಿ ತೋರಿತು. 2006ರ ಏಪ್ರಿಲ್ 10ರಂದು ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಆ ದಾರಿಯನ್ನು ಮುಚ್ಚಿತು: ಹಿಂಬಾಗಿಲಿನಿಂದ ಬಂದವರಿಗೆ ಖಾಯಮಾತಿಯ ಹಕ್ಕಿಲ್ಲ, ಹತ್ತು ವರ್ಷ ದುಡಿದ ಕೆಲವರಿಗೆ ಒಂದೇ ಸಲದ ರಿಯಾಯಿತಿ. ಆಗ ನಡುನೀರಿನಲ್ಲಿ ಉಳಿದವರಿಗಾಗಿ ನಮ್ಮ ವಿಧಾನಮಂಡಲ 2012ರ ಕರ್ನಾಟಕ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಅಧಿನಿಯಮವನ್ನು ತಂದಿತು. ಶಾಸಕರು ಪ್ರಶ್ನೆ ಕೇಳುವುದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಕಾನೂನನ್ನೇ ಮಾಡಿದ ಉದಾಹರಣೆ ಇದು. 2024ರ ಡಿಸೆಂಬರ್‌ನಲ್ಲಿ ಜಗ್ಗೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಉಮಾದೇವಿ ತೀರ್ಪನ್ನು ದೀರ್ಘಕಾಲ ದುಡಿದವರ ವಿರುದ್ಧ ಗುರಾಣಿಯಾಗಿ ಬಳಸಬೇಡಿ ಎಂದು ಸರ್ಕಾರಗಳನ್ನು ಎಚ್ಚರಿಸಿತು. ದಿನವೂ ನಡೆಯುವ ಕೆಲಸಕ್ಕೆ ದಿನವೂ ಇರುವ ನೌಕರ ಬೇಕು ಎಂಬುದು ಈ ಪಕ್ಷದ ಮೂಲ ಮಾತು. ನಕಲು ವಿಭಾಗದ ಆ ಹುಡುಗನ ಖಾಲಿ ಕುರ್ಚಿಯನ್ನು ಕಂಡ ಮೇಲೆ ನಾನು ಇದನ್ನು ಅಲ್ಲಗಳೆಯಲಾರೆ. ಆದರೆ ಖಾಯಂ ಸಿಬ್ಬಂದಿಯಿದ್ದೂ ಕಡತ ಕದಲದ ಕಚೇರಿಗಳನ್ನು ಈ ವಾದ ವಿವರಿಸುವುದಿಲ್ಲ.

ಗುತ್ತಿಗೆಯನ್ನು ಕೊನೆಯವರೆಗೆ ನಡೆಸಿ ನೋಡಿದ ದೇಶ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನ್ಯಾಯ ಸೇವೆಯನ್ನು ಖಾಸಗಿ ಕಂಪನಿಗಳಿಗೆ ಒಪ್ಪಿಸುವ ಪ್ರಯೋಗ ತೀರಾ ದೂರ ಹೋಯಿತು, ಅದರ ಹಿಂದೆಯೇ ಸಂಸದರ ವಿಚಾರಣೆಯೂ ಹೋಯಿತು. ನಮಗೆ ಲೆಕ್ಕಪತ್ರ ಸಮಿತಿ ಬಂದದ್ದು ಅಲ್ಲಿಂದಲೇ ಆದ್ದರಿಂದ ಅದು ಅಲ್ಲಿ ಹೇಗೆ ದುಡಿಯಿತು ಎಂಬುದು ನೋಡಬೇಕಾದ ಸಂಗತಿ.

2012ರ ಜನವರಿ ಕೊನೆಯಲ್ಲಿ ಕೋರ್ಟುಗಳಿಗೆ ದುಭಾಷಿಗಳನ್ನು ಒದಗಿಸುವ ಕೆಲಸವನ್ನು ಒಂದೇ ಕಂಪನಿಗೆ ಕೊಟ್ಟರು. ಕಂಪನಿ ಸಂಭಾವನೆ ಇಳಿಸಿತು, ಅನುಭವಿ ದುಭಾಷಿಗಳು ದೊಡ್ಡ ಸಂಖ್ಯೆಯಲ್ಲಿ ಹಿಂದೆ ಸರಿದರು, ಮೊಕದ್ದಮೆಗಳು ಮುಂದಕ್ಕೆ ಹೋದವು. ಶೇಕಡಾ 98ರಷ್ಟು ಬೇಡಿಕೆ ಪೂರೈಸಬೇಕೆಂಬುದು ಒಪ್ಪಂದದ ಗುರಿ, ಕಂಪನಿ ಅದರ ಹತ್ತಿರ ಸುಳಿಯಲಿಲ್ಲ. ಸಾರ್ವಜನಿಕ ಲೆಕ್ಕಪತ್ರ ಸಮಿತಿ ಆ ವರ್ಷದ ಕೊನೆಗೆ ವಿಚಾರಿಸಿದಾಗ ವಿಧಿಸಿದ ದಂಡ ಬರೀ 2,200 ಪೌಂಡ್ ಎಂದು ಗೊತ್ತಾಯಿತು. ಸದನದ ನ್ಯಾಯ ಸಮಿತಿ ಕೋರ್ಟ್ ಸಿಬ್ಬಂದಿಯ ಅನುಭವ ಕೇಳಲು ಹೊರಟಾಗ, ಅದರಲ್ಲಿ ಭಾಗವಹಿಸಬೇಡಿ ಎಂದು ಆಡಳಿತ ತನ್ನ ನೌಕರರಿಗೆ ಸೂಚಿಸಿತು. ಇದು ಸದನದ ಹಕ್ಕುಚ್ಯುತಿಯಾಗಬಹುದು ಎಂದು 2013ರ ವರದಿಯಲ್ಲಿ ಸಮಿತಿ ಬರೆಯಿತು. ನನಗೆ ಇಡೀ ಪ್ರಸಂಗದಲ್ಲಿ ಮುಖ್ಯವಾಗಿ ಕಾಣುವುದು ಇದೇ. ಗುತ್ತಿಗೆ ಬಂದ ಕೂಡಲೇ ಒಳಗಿನ ಮಾಹಿತಿ ಸದನಕ್ಕೆ ಬರುವ ದಾರಿ ಕಿರಿದಾಗುತ್ತದೆ. ಕಂಪನಿ ವ್ಯಾಪಾರದ ಗೌಪ್ಯತೆ ಎನ್ನುತ್ತದೆ, ಇಲಾಖೆ ಕಂಪನಿಯನ್ನು ಕೇಳಿ ಎನ್ನುತ್ತದೆ.

ಅದೇ 2013ರಲ್ಲಿ, ಅಪರಾಧಿಗಳ ಕಾಲಿಗೆ ಕಟ್ಟುವ ಇಲೆಕ್ಟ್ರಾನಿಕ್ ಪಟ್ಟಿಯ ಗುತ್ತಿಗೆಯಲ್ಲಿ ಜಿ4ಎಸ್ ಮತ್ತು ಸರ್ಕೋ ಕಂಪನಿಗಳು ಜೈಲಿಗೆ ಮರಳಿದವರ, ದೇಶ ಬಿಟ್ಟವರ, ಕೆಲವು ಸತ್ತವರ ಹೆಸರಿನಲ್ಲೂ ಬಿಲ್ ಮಾಡಿದ್ದು ಬಯಲಾಯಿತು. ಸರ್ಕೋ 6.85 ಕೋಟಿ, ಜಿ4ಎಸ್ 10.89 ಕೋಟಿ ಪೌಂಡ್ ಹಿಂತಿರುಗಿಸಬೇಕಾಯಿತು. ಹತ್ತು ವರ್ಷ ಕಳೆದು ಅದೇ ಪಟ್ಟಿಯ ಕೆಲಸ ಮತ್ತೆ ಸರ್ಕೋಗೆ ಹೋಯಿತು.

ಪ್ರೊಬೇಷನ್ ಸೇವೆಯದು ಇನ್ನೂ ದೊಡ್ಡದು. 35 ಸಾರ್ವಜನಿಕ ಟ್ರಸ್ಟ್‌ಗಳನ್ನು 2014ರಲ್ಲಿ ಒಡೆದು, ಕಡಿಮೆ ಮತ್ತು ಮಧ್ಯಮ ಅಪಾಯದ ಅಪರಾಧಿಗಳ ಮೇಲ್ವಿಚಾರಣೆಯನ್ನು 21 ಕಂಪನಿಗಳಿಗೆ ಕೊಟ್ಟರು. ಇದಕ್ಕೆ ಎರಡೂ ಸದನಗಳ ಒಪ್ಪಿಗೆ ಮೊದಲೇ ಬೇಕು ಎಂದು ಮೇಲ್ಮನೆ ತಿದ್ದುಪಡಿ ತಂದಿತ್ತು, ಕೆಳಮನೆ ಅದನ್ನು ಕಿತ್ತುಹಾಕಿತು. ಕೆಲವೇ ವರ್ಷದಲ್ಲಿ ಲೆಕ್ಕಪರಿಶೋಧಕರು, ಪ್ರೊಬೇಷನ್ ತಪಾಸಕರು, ಸಂಸದೀಯ ಸಮಿತಿಗಳು ಒಂದೇ ಮಾತು ಹೇಳಿದರು. ಗುತ್ತಿಗೆಗಳನ್ನು ಅವಧಿಗೆ ಮುಂಚೆ ಮುಗಿಸಿ, 2021ರ ಜೂನ್ 26ಕ್ಕೆ ಇಡೀ ಸೇವೆಯನ್ನು ಸರ್ಕಾರ ಮರಳಿ ಪಡೆಯಿತು. ಸಮಿತಿಗಳ ಪಟ್ಟು ಗೆದ್ದಿತು ಎನ್ನಬಹುದು. ಬಿಟ್ಟುಹೋದ ಅನುಭವಿ ಅಧಿಕಾರಿಗಳು ಮಾತ್ರ ಹಾಗೆ ಮರಳಿ ಬರುವಂಥವರಲ್ಲ.

ಇನ್ನೂ ಇತ್ಯರ್ಥವಾಗದ್ದು

ಉಚ್ಚ ನ್ಯಾಯಾಲಯವೇ ಟೆಂಡರ್ ಕರೆದು ಹೊರಗುತ್ತಿಗೆ ಕೊಟ್ಟಾಗ, ಆ ಟೆಂಡರ್ ಕುರಿತು ಲೆಕ್ಕಪತ್ರ ಸಮಿತಿ ಯಾರನ್ನು ಕರೆಸಿ ಕೇಳಬೇಕು? ಕಾನೂನು ಇಲಾಖೆಯ ಕಾರ್ಯದರ್ಶಿಗೆ ಆ ಕಡತದ ಮೇಲೆ ಹಿಡಿತವಿಲ್ಲ, ರಿಜಿಸ್ಟ್ರಾರ್ ಜನರಲ್ ಸದನಕ್ಕೆ ಉತ್ತರಿಸುವ ಅಧಿಕಾರಿಯಲ್ಲ. 211ನೇ ವಿಧಿಯ 'ನಡವಳಿಕೆ' ಎಂಬ ಪದ ಆಡಳಿತದ ನಿರ್ಧಾರಗಳನ್ನು ಎಷ್ಟರ ಮಟ್ಟಿಗೆ ಒಳಗೊಳ್ಳುತ್ತದೆ ಎಂಬ ಬಗ್ಗೆ ಒಮ್ಮತವಿಲ್ಲ. ಗುತ್ತಿಗೆಯವರನ್ನು ಭರ್ತಿಯಾದ ಹುದ್ದೆಯೆಂದು ಎಣಿಸಬೇಕೋ ಖಾಲಿಯೆಂದೋ ಎಂಬುದು ಕೂಡ ಹಾಗೆಯೇ. ಎಣಿಕೆ ಬದಲಾದರೆ ಸದನಕ್ಕೆ ಕಾಣುವ ಚಿತ್ರವೇ ಬದಲಾಗುತ್ತದೆ. 1976ರ 42ನೇ ತಿದ್ದುಪಡಿ ದಾರಿ ಮಾಡಿಕೊಟ್ಟ ಅಖಿಲ ಭಾರತ ನ್ಯಾಯಾಂಗ ಸೇವೆ ಇನ್ನೂ ಹುಟ್ಟಿಲ್ಲ. ಹುಟ್ಟಿದರೆ ನೇಮಕದ ಹೊಣೆ ದೆಹಲಿಗೆ ಹೋಗುತ್ತದೆ, ಸ್ಥಳೀಯ ಭಾಷೆ ಬಾರದ ನ್ಯಾಯಾಧೀಶರ ಮುಂದೆ ಹಳ್ಳಿಯ ಸಾಕ್ಷಿ ನಿಲ್ಲಬೇಕಾದೀತು ಎಂಬ ಆತಂಕ ರಾಜ್ಯಗಳಲ್ಲಿದೆ.

ನನ್ನನ್ನು ಹೆಚ್ಚು ಕಾಡುವುದು ಹೊಸದೊಂದು ಪ್ರಶ್ನೆ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2022ರಿಂದ ಬಡ ಆರೋಪಿಗಳ ಪರ ವಾದಿಸಲು ಪೂರ್ಣಾವಧಿ ರಕ್ಷಣಾ ವಕೀಲರನ್ನು ಜಿಲ್ಲೆಜಿಲ್ಲೆಗಳಲ್ಲಿ ನೇಮಿಸುತ್ತಿದೆ. ಪ್ರಕರಣಕ್ಕಿಷ್ಟು ಎಂದು ಬಿಡಿಗಾಸು ಪಡೆಯುತ್ತಿದ್ದ ವಕೀಲರ ಹಳೆಯ ಪದ್ಧತಿಗಿಂತ ಇದು ಖಂಡಿತ ಮೇಲು. ಆದರೆ ನೇಮಕ ಎರಡು ವರ್ಷದ ಗುತ್ತಿಗೆಯ ಮೇಲೆ. ಆಯ್ಕೆ ಸಮಿತಿಯ ಅಧ್ಯಕ್ಷರು ಪ್ರಧಾನ ಜಿಲ್ಲಾ ನ್ಯಾಯಾಧೀಶರು. ಆರು ತಿಂಗಳಿಗೊಮ್ಮೆ ಕೆಲಸದ ಮೌಲ್ಯಮಾಪನ. ಅದೇ ನ್ಯಾಯಾಧೀಶರ ಮುಂದೆ ನಿಂತು, ಜಾಮೀನು ಸಿಗದ ಕೂಲಿಯೊಬ್ಬನ ಪರವಾಗಿ "ತಾವು ತಪ್ಪುತ್ತಿದ್ದೀರಿ" ಎಂದು ಪಟ್ಟು ಹಿಡಿಯಬೇಕಾದ ವಕೀಲರ ಗುತ್ತಿಗೆ ಮಾರ್ಚ್‌ನಲ್ಲಿ ಮುಗಿಯುವುದಿದೆ ಎಂದುಕೊಳ್ಳಿ. ಆ ಹಣಕ್ಕೆ ಸಂಸತ್ತು ಮತ ಹಾಕುತ್ತದೆ. ನವೀಕರಣ ಯಾಕೆ ಆಗಲಿಲ್ಲ ಎಂದು ಯಾವ ಸಂಸದ, ಯಾರನ್ನು, ಯಾವ ನಿಯಮದಡಿ ಕೇಳಬಹುದು ಎಂಬುದು ಎಲ್ಲಿಯೂ ಬರೆದಿಲ್ಲ.